ಲಾಯದಿಂದ ಸೀಸೆಗೆ

ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಗಾಜಿನ ಸೂರಿನ ಅಂಗಳವೊಂದಿದೆ. ಅಲ್ಲಿ ಅಮೃತಶಿಲೆಯ ಎರಡು ಕುದುರೆಗಳು ಮುಂಗಾಲೆತ್ತಿ ನಿಂತಿವೆ. ಕೇಸರ ಕೆದರಿದೆ, ಮೂಗಿನ ಹೊಳ್ಳೆ ಅರಳಿದೆ, ಬಾಯಿ ತೆರೆದಿದೆ. ಪಕ್ಕದ ಆಳು ಮೈಯ ಬಲವನ್ನೆಲ್ಲ ಬಿಟ್ಟು ಜಗ್ಗುತ್ತಿದ್ದಾನೆ. ಕುದುರೆ ಜಪ್ಪಯ್ಯ ಅನ್ನುತ್ತಿಲ್ಲ.

ಗಿಯೋಮ್ ಕೂಸ್ತೂ ಎಂಬ ಶಿಲ್ಪಿಯಿಂದ ಇವನ್ನು ಕಡೆಸಿದವನು ಹದಿನೈದನೇ ಲೂಯಿ. 1745ರಲ್ಲಿ ಇವು ಮಾರ್ಲಿ ಅರಮನೆಯ ಕುದುರೆಗಳಿಗೆ ನೀರು ಕುಡಿಸುವ ಕೊಳದ ಬಳಿ ನಿಂತವು. ವರ್ಸೈನ ಗದ್ದಲ ಸಾಕಾದಾಗ ಬಂದಿರಲೆಂದು ಹದಿನಾಲ್ಕನೇ ಲೂಯಿ ಕಟ್ಟಿಸಿದ್ದ ಅರಮನೆ ಅದು. ನಡುವೆ ರಾಜನ ಮನೆ, ಎರಡು ಸಾಲಿನಲ್ಲಿ ಅತಿಥಿಗಳ 12 ಪುಟ್ಟ ಮನೆಗಳು. ಕ್ರಾಂತಿಯ ನಂತರ ಅದು ಮಾರಾಟವಾಗಿ, ನೂಲಿನ ಕಾರ್ಖಾನೆಯಾಗಿ, 1806ರಲ್ಲಿ ನೆಲಸಮವಾಯಿತು. ಉಳಿದದ್ದು ತೋಟ, ಕೊಳ, ಕಲ್ಲಿನ ಕುದುರೆ, ಮತ್ತೆ ಹೆಸರು.

ಆ ಹೆಸರನ್ನೇ ಹಿಡಿದು 2009ರಲ್ಲಿ ಜೂಲಿಯನ್ ಸ್ಪ್ರೆಶರ್ ‘ಪಾರ್ಫಂ ದ ಮಾರ್ಲಿ’ ಎಂಬ ಸುಗಂಧದ ಕಂಪನಿ ಆರಂಭಿಸಿದರು. ಲಾಂಛನದಲ್ಲಿ ಜೋಡಿ ಕುದುರೆ. ಎಷ್ಟೋ ಸೀಸೆಗಳ ಹೆಸರೂ ಕುದುರೆಯದೇ. ‘ಲೇಟನ್’ ಸಿಂಪಡಿಸಿಕೊಂಡರೆ ಮೊದಲು ಸೇಬು, ಲ್ಯಾವೆಂಡರ್. ಗಳಿಗೆ ಕಳೆದ ಮೇಲೆ ಹಬ್ಬದ ದಿನದ ಅಡುಗೆಮನೆಯಂತೆ ಏಲಕ್ಕಿ ಘಮ್ಮೆನ್ನುತ್ತದೆ, ಜೊತೆಗೆ ವೆನಿಲಾ. ‘ಹೆರೋಡ್’ನಲ್ಲಿ ತಂಬಾಕು, ದಾಲ್ಚಿನ್ನಿ. ‘ಗೊಡಾಲ್ಫಿನ್’ನಲ್ಲಿ ತೊಗಲು.

ತಮಾಷೆ ಇರುವುದು ಇಲ್ಲೇ. ಹದಿನೈದನೇ ಲೂಯಿಯ ಆಸ್ಥಾನಕ್ಕೆ ‘ಪರಿಮಳದ ಆಸ್ಥಾನ’ ಎಂದೇ ಹೆಸರಿತ್ತು. ಆದರೆ ಫ್ರಾನ್ಸಿನ ಪರಿಮಳದ ಕಸುಬು ಬೆಳೆದದ್ದು ತೊಗಲಿನ ನಾತ ಮುಚ್ಚುವ ಕೆಲಸದಲ್ಲಿ. ಗ್ರಾಸ್ ಊರಿನವರು ಹದ ಮಾಡಿದ ತೊಗಲಿನ ಕೈಗವಸಿಗೆ ಹೂವಿನ ಗಂಧ ಹತ್ತಿಸಿ ಸಿರಿವಂತರಿಗೆ ಮಾರುತ್ತಿದ್ದರು. ಕೈಗವಸು ಹೊಲಿಯುವವರದೂ ಸುಗಂಧ ಮಾಡುವವರದೂ ಒಂದೇ ಸಂಘ. ಅಂದು ದುಡ್ಡು ಕೊಟ್ಟು ಮರೆಸುತ್ತಿದ್ದ ವಾಸನೆಯನ್ನು ಇಂದು ದುಡ್ಡು ಕೊಟ್ಟೇ ಮೈಗೆ ಹಚ್ಚಿಕೊಳ್ಳುತ್ತಾರೆ.

ಗೊಡಾಲ್ಫಿನ್ ಕುದುರೆಯ ಪಾಡೂ ಅಂಥದ್ದೇ. ಟ್ಯೂನಿಸಿನ ದೊರೆ ಅದನ್ನು ಹದಿನೈದನೇ ಲೂಯಿಗೆ ಕಾಣಿಕೆಯಾಗಿ ಕಳಿಸಿದನಂತೆ, ಬೆಲೆ ತಿಳಿಯದವರ ಕೈಗೆ ಸಿಕ್ಕಿ ಪ್ಯಾರಿಸಿನ ಬೀದಿಯಲ್ಲಿ ಗಾಡಿ ಎಳೆಯಿತಂತೆ. ಕಥೆ ಎಷ್ಟು ನಿಜವೋ, ಅದು ಇಂಗ್ಲೆಂಡ್ ಸೇರಿದ್ದು ಮಾತ್ರ ನಿಜ. ಗೊಡಾಲ್ಫಿನ್, ಡಾರ್ಲಿ, ಬೈಯರ್ಲಿ ಎಂಬ ಮೂರು ಗಂಡು ಕುದುರೆಗಳೇ ಇಂದಿನ ಥರೋಬ್ರೆಡ್ ರೇಸು ಕುದುರೆಗಳ ಮೂಲಪುರುಷರು. ಮೂರರ ಹೆಸರಿನಲ್ಲೂ ಮಾರ್ಲಿ ಕಂಪನಿ ಸುಗಂಧ ತಂದಿದೆ. ಕುಣಿಗಲ್ ಸ್ಟಡ್ ಫಾರ್ಮಿನಲ್ಲಿ ಹುಟ್ಟಿ ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಓಡಿದ ಕುದುರೆಗಳ ತಂದೆಯ ಕಡೆಯ ವಂಶವೂ ಈ ಮೂರರಲ್ಲೊಂದಕ್ಕೇ ಹೋಗಿ ಮುಟ್ಟುತ್ತದೆ.

ಹಾಗಾಗಿ ಆ ಕುದುರೆಗಳ ಅಸಲಿ ವಾಸನೆ ಬೇಕೆನ್ನುವವರು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಬೆಳಗಿನ ಹೊತ್ತು ಯಾವುದಾದರೂ ಲಾಯದ ಬಾಗಿಲಿಗೆ ಹೋದರೆ ಸಾಕು. ಬೆವರು, ಒಣಹುಲ್ಲು, ಲದ್ದಿ ಎಲ್ಲವೂ ಪುಕ್ಕಟೆ. ಅದನ್ನು ಹಾಗೆಯೇ ಸೀಸೆಗೆ ತುಂಬಲು ಯಾವ ಸುಗಂಧದ ಕಂಪನಿಯೂ ಹೋಗುವುದಿಲ್ಲ. ತುಂಬಿದರೂ ಕೊಳ್ಳುವ ಗಿರಾಕಿ ಸಿಗುವುದಿಲ್ಲ.