ಉತ್ತರ ಬಾರದ ಕರೆ



ಪರೀಕ್ಷಾ ಶುಲ್ಕ ಕಟ್ಟಲು ಇಂದೇ ಕಡೆಯ ದಿನ ಎಂದು ಭಾವಿಸಿ. ಜಾಲತಾಣದ ವಿಳಾಸ ಬರೆದು ಕಾಯುತ್ತೀರಿ. ಸ್ವಲ್ಪ ಹೊತ್ತಿನ ನಂತರ ಪರದೆಯ ಮೇಲೆ ‘ಕನೆಕ್ಷನ್ ಟೈಮ್‌ಔಟ್’ ಎಂಬ ಸೂಚನೆ ಮೂಡುತ್ತದೆ. ಗಾಬರಿಯಿಂದ ಮತ್ತೆ ಮತ್ತೆ ಗುಂಡಿ ಒತ್ತುತ್ತೀರಿ. ಈ ಸೂಚನೆಯ ಅರ್ಥವೇನು, ದೋಷ ಎಲ್ಲಿದೆಯೆಂದು ಪತ್ತೆ ಮಾಡುವುದು ಹೇಗೆ ಎಂಬುದನ್ನು ಈಗ ನೋಡೋಣ.

ನಿಮ್ಮ ಕಂಪ್ಯೂಟರು ಸರ್ವರಿನಿಂದ ಏನನ್ನಾದರೂ ಪಡೆಯುವ ಮೊದಲು ಇಬ್ಬರ ನಡುವೆ ಮೂರು ಮಾತುಗಳ ಪರಿಚಯ ನಡೆಯಬೇಕು. ‘ಮಾತನಾಡಬಹುದೇ?’ ಎಂದು ಕಂಪ್ಯೂಟರು ಕೇಳುತ್ತದೆ. ‘ಆಗಬಹುದು, ನನ್ನ ಮಾತು ಕೇಳಿಸಿತೇ?’ ಎಂದು ಸರ್ವರು ಉತ್ತರಿಸುತ್ತದೆ. ‘ಕೇಳಿಸಿತು’ ಎಂದಾಗ ಸಂಪರ್ಕ ಏರ್ಪಡುತ್ತದೆ. ಇದು ಟಿಸಿಪಿ ಎಂಬ ನಿಯಮಾವಳಿಯ ಕ್ರಮ. 1981ರಲ್ಲಿ ಪ್ರಕಟವಾದ ಈ ನಿಯಮಾವಳಿ ತಿದ್ದುಪಡಿಗಳೊಡನೆ ಇಂದಿಗೂ ಬಳಕೆಯಲ್ಲಿದೆ.

ಮೊದಲ ಪ್ರಶ್ನೆಗೆ ಉತ್ತರ ಬಾರದಿದ್ದರೆ ಕಂಪ್ಯೂಟರು ಮತ್ತೆ ಕೇಳುತ್ತದೆ. ಆದರೆ ಪ್ರತಿ ಸಲವೂ ಕಾಯುವ ಅವಧಿ ಇಮ್ಮಡಿಯಾಗುತ್ತದೆ: 1 ಸೆಕೆಂಡು, 2, 4, 8, ಹೀಗೆ. ಲಿನಕ್ಸ್‌ನ ಹಲವು ಆವೃತ್ತಿಗಳು ಆರು ಸಲ ಮರುಪ್ರಯತ್ನಿಸಿ, ಒಟ್ಟು 127 ಸೆಕೆಂಡುಗಳ ಬಳಿಕ ಪ್ರಯತ್ನ ಕೈಬಿಡುತ್ತವೆ.

ಇಷ್ಟು ತಾಳ್ಮೆ ಏಕೆ? 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಕೇವಲ 400 ಗಜಗಳ ಹಾದಿಯಲ್ಲಿ ಮಾಹಿತಿಯ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ದಟ್ಟಣೆಯ ನಡುವೆಯೂ ಯಂತ್ರಗಳು ಕಳುಹಿಸಿದ್ದನ್ನೇ ಕಳುಹಿಸುತ್ತಿದ್ದವು. ಇದನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ದಟ್ಟಣೆ ತಪ್ಪಿಸುವ ವಿಧಾನಗಳನ್ನು ಪ್ರಕಟಿಸಿದರು. ಗಾಬರಿಯಿಂದ ಗುಂಡಿ ಒತ್ತುವ ಸಾವಿರಾರು ಮಂದಿಯೂ ಇಂಥದೇ ದಟ್ಟಣೆ ಉಂಟುಮಾಡುತ್ತಾರೆ.

ಇನ್ನು ದೋಷ ಪತ್ತೆಯ ವಿಚಾರ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಅದು ಸಾಮಾನ್ಯವಾಗಿ ನಿರಾಕರಣೆ: ಯಂತ್ರ ಅಲ್ಲಿದೆ, ಆದರೆ ನೀವು ತಟ್ಟಿದ ಬಾಗಿಲಲ್ಲಿ ಸೇವೆ ನಡೆಯುತ್ತಿಲ್ಲ. ‘ಟೈಮ್‌ಔಟ್’ ಎಂಬುದು ಮೌನ. ಕರೆ ದಾರಿಯಲ್ಲಿ ಕಳೆದುಹೋಗಿರಬಹುದು. ಫೈರ್‌ವಾಲ್ ಅದನ್ನು ಸದ್ದಿಲ್ಲದೆ ತಡೆದಿರಬಹುದು. ಸರ್ವರು ನಿಂತಿರಬಹುದು ಅಥವಾ ಅದರ ಮುಂದಿನ ಸರದಿ ತುಂಬಿರಬಹುದು. ‘504’ ಎಂಬ ಸಂಖ್ಯೆ ಬಂದರೆ ಎದುರಿನ ಸರ್ವರು ಮಾತನಾಡಿದೆ, ಅದರ ಹಿಂದಿನ ಯಂತ್ರ ಸಕಾಲಕ್ಕೆ ಉತ್ತರಿಸಿಲ್ಲ ಎಂದರ್ಥ.

ಆದ್ದರಿಂದ ಹತ್ತಿರದಿಂದ ದೂರಕ್ಕೆ ಹುಡುಕಿ. ಮೊದಲು ಬೇರೊಂದು ತಾಣ ತೆರೆಯಿರಿ. ಯಾವುದೂ ತೆರೆಯದಿದ್ದರೆ ದೋಷ ನಿಮ್ಮ ಬದಿಯಲ್ಲೇ ಇರುವ ಸಂಭವ ಹೆಚ್ಚು. ಅದೊಂದೇ ತೆರೆಯದಿದ್ದರೆ ಬೇರೆ ಸಂಪರ್ಕದಿಂದ, ಉದಾಹರಣೆಗೆ ಮೊಬೈಲಿನಿಂದ, ಪ್ರಯತ್ನಿಸಿ. ಅಲ್ಲಿ ತೆರೆದರೆ ತೊಡಕು ನಿಮ್ಮ ಜಾಲದಲ್ಲಿ ಅಥವಾ ಅದರ ದಾರಿಯಲ್ಲಿದೆ. ‘ಟ್ರೇಸ್‌ರೂಟ್’ ಆಜ್ಞೆ ಆ ದಾರಿಯ ನಿಲ್ದಾಣಗಳನ್ನು ತೋರಿಸುತ್ತದೆ. ಆದರೆ ಕೆಲವು ನಿಲ್ದಾಣಗಳು ಬೇಕೆಂದೇ ಉತ್ತರಿಸುವುದಿಲ್ಲ. ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಸರ್ವರು ನಿಮ್ಮದೇ ಆಗಿದ್ದರೆ, ಆ ಯಂತ್ರದಲ್ಲೇ ಕುಳಿತು ಪುಟ ತೆರೆದು ನೋಡಿ. ಒಳಗೆ ತೆರೆದು ಹೊರಗೆ ತೆರೆಯದಿದ್ದರೆ ಫೈರ್‌ವಾಲ್‌ನಲ್ಲಿ 80 ಮತ್ತು 443ನೇ ಪೋರ್ಟ್‌ಗಳಿಗೆ ಅನುಮತಿ ಇದೆಯೇ ಎಂದು ಪರೀಕ್ಷಿಸಿ.

ಕೊನೆಗೆ ಮುಖ್ಯವಾದ ಒಂದು ಮಾತು. ಹಣ ಪಾವತಿಸುವ ಗುಂಡಿ ಒತ್ತಿದ ಮೇಲೆ ಟೈಮ್‌ಔಟ್ ಬಂದರೆ ‘ಹಣ ಹೋಗಿಲ್ಲ’ ಎಂದು ತಿಳಿಯಬೇಡಿ. ನಿಮ್ಮ ಕೋರಿಕೆ ತಲುಪಿ, ಉತ್ತರ ಮಾತ್ರ ದಾರಿ ತಪ್ಪಿರಬಹುದು. ಮತ್ತೊಮ್ಮೆ ಪಾವತಿಸುವ ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ನೋಡಿ, ಸಮಯವನ್ನು ಬರೆದಿಟ್ಟುಕೊಳ್ಳಿ. ಮೌನಕ್ಕೂ ನಿರಾಕರಣೆಗೂ ಇರುವ ವ್ಯತ್ಯಾಸ ತಿಳಿದಿದ್ದರೆ ಎರಡು ಬಾರಿ ಶುಲ್ಕ ಕಟ್ಟುವ ತೊಂದರೆಯಿಂದ ಪಾರಾಗಬಹುದು.