ಕಡಲತಡಿಯ ಮೋಟಾರು ಕಾರಿಗೆ ತಕ್ಕ ಲೇಪನ

ಸುರತ್ಕಲ್ಲಿನಿಂದ ಉಳ್ಳಾಲದವರೆಗೆ ಮಾಡಿನ ಆಸರೆಯಿಲ್ಲದೆ ನಿಲ್ಲುವ ಕಾರುಗಳ ಬಣ್ಣವನ್ನು ಯಾವ ಲೇಪನದಿಂದ ಕಾಯಬೇಕೆಂಬುದು ಇಲ್ಲಿ ನಮ್ಮ ವಿಚಾರ. ಇತಿಹಾಸದವರಿಗೆ ಇದೇಕೆಂದು ಕೆಲವರು ನಗಬಹುದು. ಆದರೆ ಬಣ್ಣಕ್ಕೂ ಒಂದು ಚರಿತ್ರೆಯುಂಟು.

ಮೊದಲ ಕಾರುಗಳ ಎಣ್ಣೆಬಣ್ಣ ಒಣಗಲು ವಾರಗಳೇ ಹಿಡಿಯುತ್ತಿದ್ದವು. 1920ರ ದಶಕದಲ್ಲಿ ಬಂದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬೇಗ ಒಣಗುತ್ತಿತ್ತಾದರೂ ಬಿಸಿಲಿಗೆ ಮಂಕಾಗುತ್ತಿತ್ತು. ಮೆರುಗನ್ನು ಮರಳಿ ತರಲು ಮೇಣ ಬೇಕಾಯಿತು; ಬ್ರೆಜಿಲಿನ ಈಶಾನ್ಯಭಾಗದ ಕಾರ್ನೌಬಾ ತಾಳೆಯ ಎಲೆಯಿಂದ ತೆಗೆದ ಮೇಣಕ್ಕೆ ಇಂದಿಗೂ ಮನ್ನಣೆಯಿದೆ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಇನ್ನೊಂದು ಪದರವಿರುವುದರಿಂದ ಮೇಣದ ಕೆಲಸವೂ ಬದಲಾಗಿದೆ: ಅದೀಗ ಆ ಪದರದ ಕಾವಲು.

ಕಡಲಿನ ಉಪ್ಪು ಈ ಪದರವನ್ನು ಕರಗಿಸುವುದಿಲ್ಲ. ಅದನ್ನು ಸವೆಸುವುದು ಬಿಸಿಲು. ಉಪ್ಪಿನ ಕೈವಾಡವೇನಿದ್ದರೂ ಕಲ್ಲು ಸಿಡಿದು ಬಣ್ಣ ಹಾರಿದೆಡೆಯಲ್ಲಿ, ಬಾಗಿಲಿನ ಕೆಳಅಂಚಿನಲ್ಲಿ, ಚಕ್ರದ ಕಮಾನಿನೊಳಗೆ. ಅಲ್ಲಿ ಕುಳಿತ ಉಪ್ಪು ಗಾಳಿಯ ತೇವವನ್ನೇ ಹೀರಿಕೊಂಡು, ಮಳೆಯಿಲ್ಲದ ದಿನಗಳಲ್ಲಿಯೂ ಉಕ್ಕಿಗೆ ತುಕ್ಕು ಹಿಡಿಸುತ್ತದೆ.

ಈ ಭೇದವನ್ನು ಮರೆತು ಸಾಲ ಮಾಡಿಯಾದರೂ ಸೆರಾಮಿಕ್ ಲೇಪನ ಹಾಕಿಸುವವರುಂಟು. ಅದು ವರ್ಷಗಟ್ಟಲೆ ಮೆರುಗನ್ನು ಕಾಯುವುದು ದಿಟ. ತುಕ್ಕನ್ನು ಮಾತ್ರ ತಡೆಯದು. ಸಿಡಿಯುವ ಕಲ್ಲನ್ನು ತಾಳುವುದು ದಪ್ಪನೆಯ ಪಾಲಿಯುರಿಥೇನ್ ಹಾಳೆಯೇ. ಹಣವಿದ್ದವರು ಕಾರಿನ ಮುಂಭಾಗಕ್ಕಾದರೂ ಅದನ್ನು ಅಂಟಿಸಲಿ. ಉಳಿದವರಿಗೆ ಕೆಲವು ತಿಂಗಳಿಗೊಮ್ಮೆ ಹಚ್ಚುವ ಪಾಲಿಮರ್ ಸೀಲೆಂಟ್ ಸಾಕೆಂದು ನಮ್ಮ ಅಭಿಪ್ರಾಯ. ಮೇಣವು ಇಲ್ಲಿನ ಬಿಸಿಲಿಗೆ ಬಹುಕಾಲ ನಿಲ್ಲದು. ಧೂಳು, ಮರಳು ಕುಳಿತ ಮೈಮೇಲೆ ಬಟ್ಟೆಯ ಹೊದಿಕೆ ಹಾಕುವುದಂತೂ ಬಣ್ಣವನ್ನು ಉಜ್ಜಿದಂತೆಯೇ ಸರಿ. ಯಾವುದನ್ನೇ ಆರಿಸಿದರೂ, ವಾರಕ್ಕೊಮ್ಮೆ ಸಿಹಿನೀರನ್ನು ಕಾರಿನ ಅಡಿಗೂ ಹಾಯಿಸಿ ತೊಳೆಯಬೇಕು. ಬಣ್ಣ ಹಾರಿದ ಚುಕ್ಕೆಯನ್ನು ಕಂಡ ದಿನವೇ ಮುಚ್ಚಬೇಕು.