ಅರ್ಧಕ್ಕೆ ನಿಂತ ಬೇಟೆ

ಇಂಗ್ಲೆಂಡಿನ ವಾಯವ್ಯ ಮೂಲೆಯ ಕಂಬ್ರಿಯಾದಲ್ಲಿ ಜುಲೈ ಬಂತೆಂದರೆ ಉಣ್ಣೆ ಕತ್ತರಿಸುವ ಕಾಲ. ಲೇಕ್ ಡಿಸ್ಟ್ರಿಕ್ಟ್ ಎಂದು ಹೆಸರಾದ ಆ ಸರೋವರ ಸೀಮೆಯಲ್ಲಿ ಬೆಳಗಿನ ಮಂಜು ಇನ್ನೂ ಪೂರ್ತಿ ಹರಿದಿರುವುದಿಲ್ಲ. ಬೇಲಿಯೇ ಇಲ್ಲದ ಗುಡ್ಡದ ನೆತ್ತಿಯಲ್ಲಿ ಅಲ್ಲಲ್ಲಿ ಚದುರಿ ಮೇಯುವ ಕುರಿಗಳನ್ನು ಕೆಳಗಿನ ದೊಡ್ಡಿಗೆ ತರಬೇಕು. ಮನೆಯೊಡತಿ ಕಲ್ಲುಗೋಡೆಯ ಪಕ್ಕ ನಿಂತು ಒಂದು ಸಿಳ್ಳೆ ಹಾಕುತ್ತಾಳೆ.

ಕಾಲ ಬಳಿ ಕೂತಿದ್ದ ಕಪ್ಪು ಬಿಳುಪಿನ ನಾಯಿ ಎದ್ದು ಓಡುತ್ತದೆ, ಆದರೆ ಕುರಿಗಳತ್ತ ನೇರವಾಗಿ ಅಲ್ಲ. ಎಡಕ್ಕೆ ಸರಿದು, ಕುರಿಗಳಿಗೆ ಗಾಬರಿಯಾಗದಷ್ಟು ದೂರ ಉಳಿಸಿಕೊಂಡು, ಗುಡ್ಡವನ್ನು ಬಳಸಿ ಏರಿ, ಹಿಂಡಿನ ಬೆನ್ನಿಗೆ ಬಂದು ನಿಲ್ಲುತ್ತದೆ. ಬೊಗಳುವುದಿಲ್ಲ, ಕಚ್ಚುವುದಿಲ್ಲ. ತಲೆ ತಗ್ಗಿಸಿ, ದಿಟ್ಟಿಸಿ ನೋಡುತ್ತದೆ, ಅಷ್ಟೇ. ಅಷ್ಟಕ್ಕೇ ಕುರಿಗಳು ಮೇವು ಬಿಟ್ಟು ತಲೆಯೆತ್ತುತ್ತವೆ, ಒಂದರ ಪಕ್ಕ ಒಂದು ಸೇರಿಕೊಳ್ಳುತ್ತವೆ, ಇಳಿಜಾರಿನಲ್ಲಿ ಸಾಲುಗಟ್ಟಿ ಇಳಿಯತೊಡಗುತ್ತವೆ. ಹತ್ತು ಜನ ಕೋಲು ಹಿಡಿದು ಗುಡ್ಡ ಸುತ್ತಿದರೂ ಆಗದ ಕೆಲಸವನ್ನು ಒಂದು ನೋಟ ಮಾಡಿ ಮುಗಿಸುತ್ತದೆ.

ಈ ನಾಯಿಯ ಹೆಸರು ಬಾರ್ಡರ್ ಕಾಲಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಸೀಮೆ ಅದರ ತವರು.

ಕಾಯುವ ನಾಯಿ, ಕೂಡಿಸುವ ನಾಯಿ

ಕುರಿನಾಯಿ ಎಂದರೆ ನಮ್ಮ ಕಣ್ಣಮುಂದೆ ಬರುವ ಚಿತ್ರವೇ ಬೇರೆ. ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಕುರಿಮಂದೆ ಅಡ್ಡ ಬಂದು ಬಸ್ಸು ನಿಂತಾಗ ಕಿಟಕಿಯಿಂದ ನೋಡಿದವರಿಗೆ ಗೊತ್ತು: ಹೆಗಲ ಮೇಲೆ ಕಂಬಳಿ ಹೊತ್ತವನೊಬ್ಬ ಮುಂದೆ, ಬಡಿಗೆ ಹಿಡಿದ ಇನ್ನೊಬ್ಬ ಹಿಂದೆ, ಕುರಿಗಳ ನಡುವೆ ತಾನೂ ಒಂದು ಕುರಿಯೆಂಬಂತೆ ಹೆಜ್ಜೆ ಹಾಕುವ ನಾಯಿ. ಹಗಲು ಅದಕ್ಕೆ ಅಂಥ ಕೆಲಸವೇನಿಲ್ಲ. ಮಂದೆಯನ್ನು ತಿರುಗಿಸುವುದು ಕುರುಬನ ಕೂಗು ಮತ್ತು ಬಡಿಗೆ. ನಾಯಿಯ ಪಾಳಿ ಶುರುವಾಗುವುದು ಹೊಲದಲ್ಲಿ ಮಂದೆ ನಿಲ್ಲಿಸಿದ ರಾತ್ರಿ, ತೋಳ ಮತ್ತು ಕಳ್ಳರ ಹೊತ್ತಿನಲ್ಲಿ. ಕುರುಬರ ದೈವ ಮೈಲಾರಲಿಂಗನ ಜೊತೆಯಲ್ಲೂ ನಾಯಿ ಇದೆ.

ಇಂಗ್ಲೆಂಡಿನಲ್ಲಿ ಈ ಕಾವಲಿನ ಕೆಲಸವೇ ಇಲ್ಲವಾಯಿತು. 15ನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ತೋಳದ ಸಂತತಿ ಅಳಿದುಹೋಗಿತ್ತು ಎಂಬುದು ಸಾಮಾನ್ಯ ಅಭಿಪ್ರಾಯ. ಜಾನ್ ಕೀಸ್ ಎಂಬ ವೈದ್ಯ 1570ರಲ್ಲಿ ಬ್ರಿಟನ್ನಿನ ನಾಯಿಗಳ ಬಗ್ಗೆ ಲ್ಯಾಟಿನ್‌ನಲ್ಲಿ ಒಂದು ಚಿಕ್ಕ ಪುಸ್ತಕ ಬರೆದ. ಅಲ್ಲಿಯ ಕುರಿನಾಯಿ ದೈತ್ಯದೇಹದ್ದಾಗಬೇಕಿಲ್ಲ, ಏಕೆಂದರೆ ಎದುರಿಸಲು ತೋಳವೇ ಇಲ್ಲ ಎಂದು ಅವನು ಅದರಲ್ಲಿ ಗುರುತಿಸುತ್ತಾನೆ. ಇನ್ನೂ ಸ್ವಾರಸ್ಯದ ಮಾತೊಂದನ್ನು ಸೇರಿಸುತ್ತಾನೆ: ಬೇರೆ ದೇಶಗಳಲ್ಲಿ ಕುರಿಗಾಹಿಯ ಹಿಂದೆ ಕುರಿಗಳು ನಡೆಯುತ್ತವೆ, ಇಂಗ್ಲೆಂಡಿನಲ್ಲಿ ಕುರಿಗಳ ಹಿಂದೆ ಕುರಿಗಾಹಿ ನಡೆಯುತ್ತಾನೆ, ಅವನ ಸಿಳ್ಳೆ ಕೇಳಿ ನಾಯಿ ಕುರಿಗಳನ್ನು ಅವನು ಹೇಳಿದ ಕಡೆಗೆ ತರುತ್ತದೆ. ನಾನೂರೈವತ್ತು ವರ್ಷ ಕಳೆದರೂ ಆ ಚಿತ್ರ ಹೆಚ್ಚೇನೂ ಬದಲಾಗಿಲ್ಲ. ಸಿಳ್ಳೆಗೆ ಈಗ ಬಾಯೊಳಗೆ ಇಟ್ಟುಕೊಳ್ಳುವ ಲೋಹದ ಪುಟ್ಟ ಸೀಟಿ ಬಂದಿದೆ, ನಾಲ್ಕು ಚಕ್ರದ ಕ್ವಾಡ್ ಬೈಕಿನ ಹಿಂದೆ ನಾಯಿ ಸವಾರಿ ಮಾಡುತ್ತದೆ.

ಹೆಂಪ್‌ನ ವಂಶ

ತೋಳ ಹೋಯಿತು ಎಂದೆ. ನಿಜ ಹೇಳಬೇಕೆಂದರೆ ಅದು ನಾಯಿಯೊಳಗೆ ಉಳಿದಿದೆ. ತೋಳದ ಬೇಟೆಗೆ ಒಂದು ಕ್ರಮವಿದೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುತ್ತ ಸಾಗುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಬಾರ್ಡರ್ ಕಾಲಿಯಲ್ಲಿ ಈ ಸರಪಳಿಯ ಮೊದಲ ಕೊಂಡಿಗಳನ್ನು ತಲೆಮಾರುಗಳ ಆಯ್ಕೆಯಿಂದ ಹರಿತಗೊಳಿಸಿ, ಕೊನೆಯವನ್ನು ಮೊಂಡಾಗಿಸಿದ್ದಾರೆ ಎನ್ನುತ್ತಾರೆ ನಾಯಿಗಳ ನಡತೆಯನ್ನು ಅಧ್ಯಯನ ಮಾಡಿದವರು. ನಮ್ಮ ಕಾವಲು ನಾಯಿಯದು ಇದಕ್ಕೆ ಉಲ್ಟಾ: ಕುರಿಯನ್ನು ಬೇಟೆಯೆಂದು ನೋಡುವ ಬುದ್ಧಿಯೇ ಅದಕ್ಕೆ ಇರಕೂಡದು. ಒಂದಕ್ಕೆ ಬೇಟೆ ಮರೆತಿರಬೇಕು, ಇನ್ನೊಂದಕ್ಕೆ ಬೇಟೆ ನೆನಪಿರಬೇಕು, ಆದರೆ ಅರ್ಧದವರೆಗೆ ಮಾತ್ರ.

ಆ ದಿಟ್ಟಿಸುವ ಗುಣಕ್ಕೆ ಅಲ್ಲಿಯವರು ‘ಐ’, ಅಂದರೆ ಕಣ್ಣು ಎನ್ನುತ್ತಾರೆ. ‘ಈ ನಾಯಿಗೆ ಕಣ್ಣು ಜಾಸ್ತಿ’ ಎಂದರೆ ಹೊಗಳಿಕೆಯೂ ಹೌದು, ದೂರೂ ಹೌದು. ಕಣ್ಣು ಅತಿಯಾದ ನಾಯಿ ನೋಡುತ್ತ ನಿಂತಲ್ಲೇ ಕಂಬವಾಗಿಬಿಡುತ್ತದೆ. ನಾರ್ತಂಬರ್ಲೆಂಡಿನ ಆಡಂ ಟೆಲ್ಫರ್ ಎಂಬ ರೈತನ ಬಳಿ ಅಂಥದೊಂದು ಹೆಣ್ಣುನಾಯಿ ಇತ್ತು, ಮೆಗ್. ಕಣ್ಣು ತೀಕ್ಷ್ಣ, ಸ್ವಭಾವ ಅಂಜುಬುರುಕ. ಅದನ್ನು ಅವನು ರಾಯ್ ಎಂಬ ಸಲೀಸು ಸ್ವಭಾವದ ಗಂಡಿನೊಂದಿಗೆ ಕೂಡಿಸಿದ. 1893ರಲ್ಲಿ ಹುಟ್ಟಿದ ಮರಿಗೆ ಹೆಂಪ್ ಎಂದು ಹೆಸರಿಟ್ಟ. ಗದ್ದಲವಿಲ್ಲದೆ, ಬರೀ ಇರವಿನಿಂದಲೇ ಕುರಿಗಳನ್ನು ನಡೆಸುವ ಈ ನಾಯಿಯನ್ನು ನೋಡಿದವರೆಲ್ಲ ತಮ್ಮ ನಾಯಿಗಳಿಗೆ ಅದರ ಮರಿ ಬೇಕೆಂದರು. 1901ರಲ್ಲಿ ಸಾಯುವ ಹೊತ್ತಿಗೆ ಹೆಂಪ್ ಇನ್ನೂರಕ್ಕೂ ಹೆಚ್ಚು ಮರಿಗಳ ತಂದೆ. ಇಂದಿನ ಬಾರ್ಡರ್ ಕಾಲಿಗಳೆಲ್ಲ ತಮ್ಮ ಮೂಲಪುರುಷನೆಂದು ಬೆರಳು ತೋರುವುದು ಈ ‘ಓಲ್ಡ್ ಹೆಂಪ್’ ಕಡೆಗೇ. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಹುಟ್ಟಿ ವಂಶಾವಳಿ ಬರೆದಿಡುವ ಪದ್ಧತಿ ಬಂತು. ಇಲ್ಲಿ ಗಮನಿಸಬೇಕಾದದ್ದು, ಈ ಮಂದಿ ನಾಯಿಯ ಬಣ್ಣ, ಕಿವಿ, ಬಾಲಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲಸವೇ ಕುಲ.

ಮೊದಲ ಪಾಠ: ಮಲಗು

ಚಿಕ್ಕ ಕುಟುಂಬದ ಕುರಿಮನೆಯಲ್ಲಿ ಸಾಮಾನ್ಯವಾಗಿ ಎರಡು ಮೂರು ನಾಯಿಗಳು: ಒಂದು ನುರಿತದ್ದು, ಒಂದು ಕಲಿಯುತ್ತಿರುವುದು, ಒಂದು ವಯಸ್ಸಾದದ್ದು. ಹೆಸರು ಒಂದೇ ಉಸಿರಿನದು: ಮಾಸ್, ನೆಲ್, ಫ್ಲೈ, ಬೆನ್, ಜೆಸ್. ಗಾಳಿಗೆ ಎದುರಾಗಿ ಕೂಗುವಾಗ ಉದ್ದ ಹೆಸರು ಅರ್ಧದಲ್ಲೇ ಹಾರಿಹೋಗುತ್ತದೆ. ನಾಯಿಗಳ ವಾಸ ಬಹುಪಾಲು ಹೊರಗಿನ ಗೂಡಿನಲ್ಲೋ ಕೊಟ್ಟಿಗೆಯ ಮೂಲೆಯಲ್ಲೋ. ಅಡುಗೆಮನೆಯ ಒಲೆಯ ಪಕ್ಕದ ಜಾಗ ಹೆಚ್ಚಾಗಿ ಮುದಿನಾಯಿಗೆ ಸಿಗುವ ನಿವೃತ್ತಿ ವೇತನ.

ಕೆಲವೇ ತಿಂಗಳ ಮರಿ ಅಂಗಳದ ಕೋಳಿಗಳನ್ನು ಮೂಲೆಗೆ ಕೂಡಿಸತೊಡಗುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ಆದರೂ ವರ್ಷದ ಹತ್ತಿರ ಹತ್ತಿರ ಬರುವವರೆಗೆ ಅದನ್ನು ನಿಜವಾದ ಕೆಲಸಕ್ಕೆ ಹಚ್ಚುವುದಿಲ್ಲ. ಕುರಿಗಿಂತ ಜೋರಾಗಿ ಓಡಲಾಗದ ಮರಿ ಒಮ್ಮೆ ಸೋತರೆ, ಅಥವಾ ಸಿಟ್ಟಿನ ಕುರಿಯಿಂದ ಗುದ್ದಿಸಿಕೊಂಡರೆ, ಆ ಅಳುಕು ಬಹಳ ಕಾಲ ಉಳಿಯುತ್ತದೆ.

ಓಡುವುದನ್ನು ಕಲಿಸಬೇಕಾಗಿಲ್ಲ. ಕಲಿಸಬೇಕಾದ್ದು ನಿಲ್ಲುವುದನ್ನು. ಮೊದಲ ಪಾಠ ‘ಲೈ ಡೌನ್’, ಮಲಗು. ಕಣ್ಣೆದುರು ಕುರಿ ಓಡುತ್ತಿರುವಾಗ ಮೈಯೆಲ್ಲ ಕಂಪಿಸುತ್ತಿದ್ದರೂ ನೆಲಕ್ಕೆ ಹೊಟ್ಟೆ ತಾಗಿಸಿ ಮಲಗುವುದನ್ನು ಕಲಿತ ನಾಯಿಗೆ ಉಳಿದದ್ದೆಲ್ಲ ಬರುತ್ತದೆ. ‘ಕಮ್ ಬೈ’ ಎಂದರೆ ಗಡಿಯಾರದ ಮುಳ್ಳಿನಂತೆ ಎಡದಿಂದ ಬಳಸು; ‘ಅವೇ’ ಎಂದರೆ ಬಲದಿಂದ ಬಳಸು; ‘ವಾಕ್ ಆನ್’ ಎಂದರೆ ಕುರಿಗಳತ್ತ ನಿಧಾನವಾಗಿ ನಡೆ; ‘ದಟ್ಲ್ ಡೂ’ ಎಂದರೆ ಕೆಲಸ ಮುಗಿಯಿತು, ಬಿಟ್ಟು ಬಾ. ದೂರಕ್ಕೆ ಇವೆಲ್ಲ ಸಿಳ್ಳೆಯಾಗುತ್ತವೆ. ಎರಡು ನಾಯಿಗಳನ್ನು ಒಟ್ಟಿಗೆ ಬಿಡುವಾಗ ಒಂದರ ಅಪ್ಪಣೆಗೆ ಇನ್ನೊಂದು ಓಡಬಾರದೆಂದು ಒಂದೊಂದಕ್ಕೂ ಬೇರೆ ಬೇರೆ ಸಿಳ್ಳೆ.

ಹುಟ್ಟುಗುಣದಿಂದ ನಾಯಿ ಕುರಿಗಳ ಆಚೆ ಬದಿಗೆ, ಒಡೆಯನಿಗೆ ಸರಿಯಾಗಿ ಎದುರಾಗಿ ನಿಲ್ಲುತ್ತದೆ. ಒಡೆಯ ಗಡಿಯಾರದ ಆರರಲ್ಲಿದ್ದರೆ ನಾಯಿ ಹನ್ನೆರಡರಲ್ಲಿ. ಸ್ವಾನ್ಸಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಜೊತೆಗೂಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕುರಿಗಳಿಗೂ ನಾಯಿಗೂ ಜಿಪಿಎಸ್ ಕಟ್ಟಿ ಅವುಗಳ ಓಡಾಟವನ್ನು ಅಳೆದರು. ತೇಲಿಬಂದದ್ದು ಎರಡೇ ಸೂತ್ರ: ಕುರಿಗಳು ಚದುರಿದ್ದರೆ ಕೂಡಿಸು, ಕೂಡಿದ್ದರೆ ಮುಂದೆ ನಡೆಸು. ಕುರಿಗಾಹಿಯ ಮಕ್ಕಳು ಶಾಲೆಗೆ ಹೋಗುವ ಮುಂಚೆಯೇ ಕಲಿಯುವ ಪಾಠವಿದು. ಆದರೆ ಚದುರುವ ಮುನ್ನವೇ ಯಾವ ಕುರಿಯ ಕಿವಿ ಯಾವ ಕಡೆ ತಿರುಗಿತು ಎಂದು ಓದುವ ನಾಯಿಯ ಲೆಕ್ಕ ಯಾವ ಸೂತ್ರಕ್ಕೂ ದಕ್ಕುವುದು ಕಷ್ಟ.

ವರ್ಷದ ಸುತ್ತು

ಈ ಗುಡ್ಡಗಳ ಕುರಿ ಹೆರ್ಡ್‌ವಿಕ್. ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು, ಮುಖ ಮಾತ್ರ ಇಬ್ಬನಿಯಂತೆ ಬೆಳ್ಳಗೆ. ನವೆಂಬರಿನಲ್ಲಿ ಟಗರು ಬಿಟ್ಟರೆ ಏಪ್ರಿಲಿನಲ್ಲಿ ಮರಿ. ಆ ದಿನಗಳಲ್ಲಿ ಮನೆಯವರಿಗೆ ಹಗಲು ರಾತ್ರಿ ಎಂಬುದಿಲ್ಲ. ನಾಯಿಯ ಕೆಲಸ ಮಾತ್ರ ಕಡಿಮೆ. ಮರಿ ಪಕ್ಕದಲ್ಲಿರುವ ತಾಯಿಕುರಿ ನಾಯಿಗೆ ಹೆದರುವುದಿಲ್ಲ, ಕಾಲು ನೆಲಕ್ಕೆ ಬಡಿದು ಎದುರು ನಿಲ್ಲುತ್ತದೆ. ಒಳ್ಳೆಯ ನಾಯಿ ಆಗ ಮುಖ ಬೇರೆ ಕಡೆ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತದೆ. ತನ್ನ ಮರಿಗೆ ಕೆಚ್ಚಲು ಕೊಡದೆ ಒದೆಯುವ ತಾಯಿಗೆ ಕುರಿಗಾಹಿಗಳು ಒಂದು ಉಪಾಯ ಮಾಡುತ್ತಾರೆ: ಅವೆರಡನ್ನೂ ಗೂಡಿಗೆ ಬಿಟ್ಟು ಎದುರಿಗೆ ನಾಯಿಯನ್ನು ಕೂರಿಸುತ್ತಾರೆ. ನಾಯಿ ಏನೂ ಮಾಡುವುದಿಲ್ಲ, ಬರೀ ಕೂತಿರುತ್ತದೆ. ಅದನ್ನು ಕಂಡು ತಾಯಿಗೆ ಒಮ್ಮೆಗೇ ಮರಿಯ ನೆನಪಾಗುವುದುಂಟು. ಮರಿಯನ್ನು ಹಿಂದಕ್ಕೆ ಹಾಕಿಕೊಂಡು ತಾನು ಅಡ್ಡ ನಿಲ್ಲುತ್ತದೆ. ತೋಳದ ನೆರಳು ತಾಯ್ತನವನ್ನು ಎಬ್ಬಿಸುವ ಬಗೆ ಇದು.

ಜುಲೈಯಲ್ಲಿ ಉಣ್ಣೆ, ಸೆಪ್ಟೆಂಬರ್ ಸುಮಾರಿಗೆ ಮರಿಗಳನ್ನು ತಾಯಿಯಿಂದ ಬಿಡಿಸುವುದು. ಗುಡ್ಡ ಹಲವು ಮನೆಗಳ ಸಾಮೂಹಿಕ ಗೋಮಾಳವಾದ್ದರಿಂದ ಕುರಿ ಇಳಿಸುವ ದಿನ ನೆರೆಯವರೆಲ್ಲ ತಮ್ಮ ನಾಯಿಗಳೊಡನೆ ಬರುತ್ತಾರೆ. ಬೇಲಿಯಿಲ್ಲದಿದ್ದರೂ ಒಂದೊಂದು ಮನೆಯ ಕುರಿಗೂ ತನ್ನ ಪಾಲಿನ ಗುಡ್ಡ ಯಾವುದೆಂದು ಗೊತ್ತು. ತಾಯಿ ಮೇಯ್ದ ಜಾಗವನ್ನು ಮರಿ ಕಲಿಯುತ್ತದೆ, ಅದು ತನ್ನ ಮರಿಗೆ ಕಲಿಸುತ್ತದೆ. ಇದನ್ನು ‘ಹೀಫ್’ ಎನ್ನುತ್ತಾರೆ. ದಾರಿ ತಪ್ಪಿದ ಕುರಿಯನ್ನು ಬೆನ್ನ ಮೇಲಿನ ಬಣ್ಣದ ಗುರುತು, ಕಿವಿಯ ಕಚ್ಚು ನೋಡಿ ಯಾರ ಮನೆಯದೆಂದು ಹೇಳುತ್ತಾರೆ. ಯಾನ್, ಟ್ಯಾನ್, ಟೆದರಾ, ಮೆದರಾ, ಪಿಂಪ್ ಎಂದು ಐದರವರೆಗೆ ಸಾಗುವ, ಇಪ್ಪತ್ತಕ್ಕೆ ಮುಗಿದು ಮತ್ತೆ ಮೊದಲಿಂದ ಶುರುವಾಗುವ ಹಳೆಯ ಎಣಿಕೆಯೂ ಈ ಸೀಮೆಯ ನೆನಪಿನಲ್ಲಿದೆ.

ನೂರರಿಂದ ಕಳೆಯುವ ಆಟ

ಕೆಲಸವಿದ್ದಲ್ಲಿ ಪಂದ್ಯವೂ ಹುಟ್ಟುತ್ತದೆ. ಬ್ರಿಟನ್ನಿನ ಮೊದಲ ಕುರಿನಾಯಿ ಪಂದ್ಯ ಎಂದು ದಾಖಲಾದದ್ದು 1873ರಲ್ಲಿ ವೇಲ್ಸ್‌ನ ಬಾಲಾದಲ್ಲಿ ನಡೆಯಿತು. ಗೆದ್ದದ್ದು ಮಾತ್ರ ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನವನೊಬ್ಬನ ನಾಯಿ, ಟ್ವೀಡ್. 1976ರಲ್ಲಿ ಬಿಬಿಸಿ ಈ ಪಂದ್ಯಗಳನ್ನು ಟಿವಿಗೆ ತಂದಾಗ ಪೇಟೆಯ ಜನವೂ ಸಿಳ್ಳೆ ಕೇಳುತ್ತ ಕೂತರು.

ಅಂಕ ಕೊಡುವ ರೀತಿಯೇ ಸೊಗಸು. ನಾಯಿ ನೂರು ಅಂಕದೊಂದಿಗೇ ಮೈದಾನಕ್ಕೆ ಇಳಿಯುತ್ತದೆ, ತಪ್ಪಿದಲ್ಲೆಲ್ಲ ಕಳೆಯುತ್ತಾರೆ. ಬಳಸಿ ಓಡುವುದಕ್ಕೆ 20, ಕುರಿಗಳನ್ನು ಮೊದಲ ಸಲ ಕದಲಿಸುವುದಕ್ಕೆ 10, ತರುವುದಕ್ಕೆ 20, ದೂರ ನಡೆಸುವುದಕ್ಕೆ 30, ದೊಡ್ಡಿಗೆ ಕೂಡಿಸುವುದಕ್ಕೆ 10, ಹಿಂಡನ್ನು ಸೀಳುವುದಕ್ಕೆ 10. ಈ ಕೊನೆಯದು ನಾಯಿಗೆ ಬಲು ಕಷ್ಟ. ಕೂಡಿಸಲೆಂದೇ ಹುಟ್ಟಿದ ಪ್ರಾಣಿಗೆ ‘ಈಗ ನಡುವೆ ನುಗ್ಗಿ ಬೇರೆ ಮಾಡು’ ಎಂದರೆ ಅದು ತನ್ನ ರಕ್ತದ ಮಾತನ್ನೇ ಮೀರಬೇಕು.

ಇಂಥ ನಾಯಿಗೆ ಬೆಲೆಯೂ ಅಷ್ಟೇ. 2021ರಲ್ಲಿ ವೇಲ್ಸ್‌ನ ಹರಾಜೊಂದರಲ್ಲಿ ಕಿಮ್ ಎಂಬ ಒಂದು ವರ್ಷದ ನಾಯಿ 27,100 ಪೌಂಡಿಗೆ ಹೋಗಿ ಆಗಿನ ವಿಶ್ವದಾಖಲೆಯಾಯಿತು.

ನಾಯಿಗಿಂತ ಕುರಿಯ ಚಿಂತೆ

ನಾಯಿಗೆ ಬೆಲೆ ಏರಿದರೂ ಅದು ಕೂಡಿಸುವ ಕುರಿಯ ಉಣ್ಣೆಗೆ ಏರಲಿಲ್ಲ. ಹೆರ್ಡ್‌ವಿಕ್‌ನ ಒರಟು ಉಣ್ಣೆ ಮಾರಿದರೆ ಎಷ್ಟೋ ವರ್ಷ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ದಖನಿ ಕುರಿಯ ಉಣ್ಣೆಗೆ, ಕಂಬಳಿಗೆ ಗಿರಾಕಿ ಇಲ್ಲದೆ ಕೈಚೆಲ್ಲಿದ ನಮ್ಮ ಕುರುಬರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 2001ರ ಕಾಲುಬಾಯಿ ರೋಗ ಕಂಬ್ರಿಯಾವನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಆ ವರ್ಷ ದೇಶದಲ್ಲಿ ಕೊಂದ ಜಾನುವಾರುಗಳು 60 ಲಕ್ಷಕ್ಕೂ ಹೆಚ್ಚು. ಹಿಂಡು ಹೋದರೆ ಹೊಸದನ್ನು ಕೊಳ್ಳಬಹುದು. ಆದರೆ ಗುಡ್ಡದ ತನ್ನ ಪಾಲನ್ನು ಬಲ್ಲ ಹಿಂಡು ಪೇಟೆಯಲ್ಲಿ ಸಿಗುವುದಿಲ್ಲ. ಕುರಿಯಿಲ್ಲದ ಅಂಗಳಗಳಲ್ಲಿ ನಾಯಿಗಳು ಕೆಲಸವಿಲ್ಲದೆ ಉಳಿದವು.

ಮಕ್ಕಳ ಕಥೆಗಳಿಂದ ಹೆಸರಾದ ಬಿಯಾಟ್ರಿಕ್ಸ್ ಪಾಟರ್ ಈ ಬದುಕಿನ ಬೆಲೆಯನ್ನು ಮೊದಲೇ ಅರಿತವಳು. ಪುಸ್ತಕದ ದುಡ್ಡಿನಲ್ಲಿ ಜಮೀನು ಕೊಂಡು ಹೆರ್ಡ್‌ವಿಕ್ ಸಾಕಿದಳು. ತನ್ನ ಕಾಲಿ ನಾಯಿ ಕೆಪ್‌ನನ್ನು 1908ರ ಬಾತುಕೋಳಿಯ ಕಥೆಯೊಳಗೆ ತಂದಳು. 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದಳು. 2017ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಗೆ ಸೇರಿಸಿದಾಗ ಸರೋವರಗಳ ಚೆಲುವಿನಷ್ಟೇ ಕುರಿಸಾಕಣೆಯೂ ಗಣನೆಗೆ ಬಂತು.

ಮತ್ತೆ ಆ ಜುಲೈ ಗುಡ್ಡಕ್ಕೆ. ಕೊನೆಯ ಕುರಿ ದೊಡ್ಡಿಯೊಳಗೆ ಹೋಗಿದೆ, ಗೇಟು ಬಿದ್ದಿದೆ. ನಾಯಿ ಮಾತ್ರ ಸರಳುಗಳ ಸಂದಿಯಿಂದ ಇನ್ನೂ ದಿಟ್ಟಿಸುತ್ತಿದೆ. ತಾನಾಗಿ ನಿಲ್ಲುವುದು ಅದಕ್ಕೆ ತಿಳಿಯದು. ಅಂಗಾಲು ಸವೆದು ಕುಂಟುತ್ತಿದ್ದರೂ ಇನ್ನೊಂದು ಸುತ್ತಿಗೆ ಸಿದ್ಧ. ಅದಕ್ಕಾಗಿಯೇ ಕೊನೆಯ ಅಪ್ಪಣೆ ಮನುಷ್ಯನ ಹೊಣೆ. ಅವಳು ಗೇಟಿನ ಅಗುಳಿ ಹಾಕುತ್ತಲೇ ಮೆಲ್ಲಗೆ ‘ದಟ್ಲ್ ಡೂ’ ಎನ್ನುತ್ತಾಳೆ. ನಾಯಿಯ ಬಿಗಿದ ಬೆನ್ನು ಸಡಿಲಾಗುತ್ತದೆ, ಬಾಲ ಅಲ್ಲಾಡುತ್ತದೆ.

ಆ ಮಾತಿಗೆ ಕನ್ನಡ ಹುಡುಕಿದರೆ ಸಿಗುವುದು ಒಂದೇ ಪದ: ಸಾಕು. ಪ್ರಾಣಿಯನ್ನು ಸಲಹುವುದಕ್ಕೂ ನಾವು ಅದೇ ಪದವನ್ನು ಬಳಸುತ್ತೇವೆ.